ಕಲ್ಲಚ್ಚಿನ ದೇವರು, ಗುಬ್ಬಿಯ ಪರದೆ

ಚಿತ್ರವನ್ನು ಅರಮನೆಯಿಂದ ಜನಸಾಮಾನ್ಯರ ಗೋಡೆಗೆ ತಂದದ್ದು ಅಗ್ಗದ ಅಚ್ಚು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಹಾಳೆ ಹಲವು ಸಲ ಅಚ್ಚಿಗೆ ಸಿಕ್ಕಿದ ಮೇಲೆಯೇ ಲಕ್ಷ್ಮಿ, ಸರಸ್ವತಿಯರು ಮೂಡುತ್ತಿದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಬೆಳೆದದ್ದೂ ಈ ಪಟಗಳ ಕಾಲದಲ್ಲೇ. ವೃತ್ತಿರಂಗಭೂಮಿಯ ಪರದೆ, ಕಿರೀಟಗಳಲ್ಲಿ ರವಿವರ್ಮನ ಛಾಯೆ ಕಾಣುವುದು ಆಕಸ್ಮಿಕವಲ್ಲ: ಪುರಾಣದ ಆ ರೂಪಕ್ಕೆ ಪ್ರೇಕ್ಷಕರ ಕಣ್ಣು ಪಳಗಿತ್ತು.

ಅಚ್ಚು ದೇವರಿಗೆ ಒಂದೇ ಮುಖ ಕೊಟ್ಟಿತು, ಕೈಕುಸುರಿಗೆ ಪೆಟ್ಟು ಕೊಟ್ಟಿತು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಗುಡಿಯ ಹೊಸ್ತಿಲು ದಾಟಲು ಅವಕಾಶವಿಲ್ಲದವರ ಮನೆಗೂ ದೇವರು ಬಂದದ್ದು ಇದೇ ಕಾಗದದ ಮೇಲೆ. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರರ, ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಪಟಗಳು ಆ ಪರಂಪರೆಯನ್ನೇ ಮುಂದುವರಿಸಿವೆ. ಇವನ್ನು ಬಿಟ್ಟು ಬರೆದ ಕಲಾಚರಿತ್ರೆ ಜನರ ಕಣ್ಣನ್ನೇ ಬಿಟ್ಟಂತೆ.