ವಿಡಿಯೊ ಗೇಮ್: ಪ್ರಯೋಗಾಲಯದಿಂದ ಪರವಾನಗಿಯವರೆಗೆ

ಪರದೆಯ ಮೇಲೆ ಮೂಡುವ ಚಿತ್ರಗಳನ್ನು ಗುಂಡಿ ಅಥವಾ ಹಿಡಿಕೆಯ ಮೂಲಕ ಆಟಗಾರನೇ ನಿಯಂತ್ರಿಸುತ್ತ ಆಡುವ ವಿದ್ಯುನ್ಮಾನ ಆಟಕ್ಕೆ ವಿಡಿಯೊ ಗೇಮ್ ಎಂದು ಹೆಸರು. ಇದರ ಸಾಮಾಜಿಕ ಪರಿಣಾಮ ಕುರಿತು ಕರ್ನಾಟಕದಲ್ಲಿ ಎದ್ದ ಮಹತ್ವದ ವಿವಾದವೊಂದು 1995ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಯಿತು. ನಾಣ್ಯ ಹಾಕಿ ಆಡುವ ಯಂತ್ರದಲ್ಲಿ ಗೆಲುವನ್ನು ನಿರ್ಧರಿಸುವುದು ಆಟಗಾರನ ಕೌಶಲವೋ, ಅದೃಷ್ಟವೋ ಅಥವಾ ಯಂತ್ರದ ಒಡೆಯನೋ ಎಂಬುದು ಅದರ ತಿರುಳು.

ಆರಂಭದ ದಿನಗಳು

ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ 1958ರಲ್ಲಿ ಸಂದರ್ಶಕರ ಮನರಂಜನೆಗಾಗಿ ಆಸಿಲೊಸ್ಕೋಪ್ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ರೂಪಿಸಿದರು. 1962ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 'ಸ್ಪೇಸ್‌ವಾರ್' ಸಿದ್ಧವಾಯಿತು. ಇವೆರಡಕ್ಕೂ ಹಣದ ನಂಟಿರಲಿಲ್ಲ.

ಚಿತ್ರ ಬದಲಾದದ್ದು 1972ರಲ್ಲಿ. ಅಟಾರಿ ಕಂಪನಿಯ 'ಪಾಂಗ್' ನಾಣ್ಯ ನುಂಗುವ ಯಂತ್ರವಾಗಿ ಬಂತು. ಅದೇ ವರ್ಷ ರಾಲ್ಫ್ ಬೇರ್ ಅವರ ಸಂಶೋಧನೆಯ ಫಲವಾದ 'ಒಡಿಸ್ಸಿ' ಮನೆಯ ಟೀವಿಗೆ ಜೋಡಣೆಯಾಯಿತು. ಜಪಾನಿನಿಂದ 1978ರಲ್ಲಿ 'ಸ್ಪೇಸ್ ಇನ್‌ವೇಡರ್ಸ್', 1980ರಲ್ಲಿ 'ಪ್ಯಾಕ್‌ಮನ್' ಬಂದವು.

ನಾಣ್ಯದ ಯಂತ್ರಕ್ಕೆ ತನ್ನದೇ ಲೆಕ್ಕಾಚಾರವಿದೆ. ಆಟ ಬೇಗ ಮುಗಿಯಬೇಕು. ಆದರೆ ಇನ್ನೊಮ್ಮೆ ಆಡಿದರೆ ಗೆಲ್ಲಬಹುದೆಂಬ ಆಸೆಯೂ ಉಳಿಯಬೇಕು. 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ವೈರಿಗಳ ಸಂಖ್ಯೆ ಇಳಿದಂತೆ ಉಳಿದವರ ವೇಗ ಏರುತ್ತದೆ. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಸಂಸ್ಕಾರಕ ಚುರುಕಾಗುತ್ತಿದ್ದುದೇ ಇದಕ್ಕೆ ಕಾರಣ. ನಿರ್ಮಾತೃ ತೊಮೊಹಿರೊ ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಆಟದ ರೋಚಕತೆ ಹೆಚ್ಚಿತು.

ಬೆಂಗಳೂರಿನ ವಿವಾದ

ವಿಡಿಯೊ ಗೇಮ್ ಅಂಗಡಿಗಳು ಬೆಂಗಳೂರಿಗೂ ಬಂದವು. ಒಂದೇ ಹೆಸರಿನಡಿ ಎರಡು ಬಗೆಯ ಯಂತ್ರಗಳಿದ್ದವು. ಕಾರು ಓಡಿಸುವ, ಗುರಿಯಿಡುವ ಆಟಗಳಲ್ಲಿ ಗೆದ್ದವನಿಗೆ ಸಿಗುತ್ತಿದ್ದುದು ಹೆಚ್ಚಿನ ಆಟದ ಅವಧಿ ಮಾತ್ರ. ಇಸ್ಪೀಟು, ಅಂಕಿಗಳ ಯಂತ್ರಗಳಲ್ಲಾದರೋ ಪಣ ಬೇರೆಯೇ ಆಗಿತ್ತು.

1963ರ ಪೊಲೀಸ್ ಕಾಯಿದೆಯಡಿ ಹೊರಡಿಸಲಾದ 1989ರ ಬೆಂಗಳೂರು ನಗರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಈ ಅಂಗಡಿಗಳಿಗೂ ಅನ್ವಯಿಸಿತು. ವಿಡಿಯೊ ಗೇಮ್ ಜೂಜಲ್ಲ, ವೃತ್ತಿ ನಡೆಸುವುದು ಸಂವಿಧಾನದತ್ತ ಹಕ್ಕು ಎಂದು ಅಂಗಡಿ ಮಾಲೀಕರು ವಾದಿಸಿದರು. 'ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಕೆಲವು ಆಟಗಳು ಕೇವಲ ಅದೃಷ್ಟದವು, ಕೆಲವು ಅದೃಷ್ಟ ಮತ್ತು ಕೌಶಲ ಬೆರೆತವು. ಯಂತ್ರವನ್ನೇ ತಿರುಚಿದರೆ ನುರಿತ ಆಟಗಾರನಿಗೂ ಗೆಲುವು ದಕ್ಕದು. ಆದ್ದರಿಂದ ಪರವಾನಗಿಯ ನಿಯಂತ್ರಣ ನ್ಯಾಯೋಚಿತ ಎಂಬುದು ಅದರ ಸಾರಾಂಶ.

ಇಂಥ ಆದೇಶ ಹೊರಡಿಸುವ ಅಧಿಕಾರ ಕಾಯಿದೆಯ ಪ್ರಕಾರ ನಗರದಲ್ಲಿ ಪೊಲೀಸ್ ಆಯುಕ್ತರಿಗೆ, ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗೆ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಯಲ್ಲಿದ್ದವು. ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ.

ಅಂಗಡಿಯಿಂದ ಅಂಗೈಗೆ

ಮನೆಗಳಿಗೆ ಗಣಕಯಂತ್ರ, ಕೈಗಳಿಗೆ ಮೊಬೈಲ್ ಬಂದಂತೆ ಅಂಗಡಿಗಳು ಮರೆಗೆ ಸರಿದವು. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಸ್ಥಾಪಿಸಿದ 'ಧ್ರುವ ಇಂಟರ್‌ಆಕ್ಟಿವ್' ಮೂಲಕ ಆಟಗಳ ತಯಾರಿಕೆಯೂ ಇಲ್ಲಿ ಉದ್ಯೋಗವಾಯಿತು. ಇನ್ನೊಂದೆಡೆ, ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 'ಶಟ್' ಎಂಬ ಚಿಕಿತ್ಸಾ ಕೇಂದ್ರ ತೆರೆಯಿತು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ 'ಗೇಮಿಂಗ್ ಡಿಸಾರ್ಡರ್' ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಇವು ಮುಂದುವರಿದಿರಬೇಕು. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಯಾರೂ ರೋಗಿಯಾಗುವುದಿಲ್ಲ.

ಕಾನೂನಿನ ಹಳೆಯ ಪ್ರಶ್ನೆಯೂ ಮರಳಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ, ಕೌಶಲ ಅಥವಾ ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು.

ಅಂಗಡಿಯ ಯಂತ್ರವನ್ನು ಅಧಿಕಾರಿ ತೆರೆದು ಪರೀಕ್ಷಿಸಬಹುದಿತ್ತು. ಮಗ ಅಲ್ಲಿ ನಿಂತಿರುವುದು ಬೀದಿಯವರ ಕಣ್ಣಿಗೂ ಬೀಳುತ್ತಿತ್ತು. ಮೊಬೈಲಿನಲ್ಲಿ ಈ ಎರಡೂ ಸುಲಭವಲ್ಲ. ಮಗು ಎಷ್ಟು ಹೊತ್ತು ಆಡುತ್ತದೆ ಎಂದು ವಿಚಾರಿಸುವ ಪಾಲಕರು, ಆಟದಲ್ಲಿ ಹಣದ ವ್ಯವಹಾರ ಇದೆಯೇ, ಗೆಲುವಿನ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನೂ ವಿಚಾರಿಸುವುದು ಒಳಿತು.