ಬೀಳಗಿಯ ಅಮೀರಬಾಯಿ

ಲೋಕಾಪುರದವರಿಗೆ ಬೀಳಗಿ ದೂರದ ಊರಲ್ಲ. ನಡುವೆ ಘಟಪ್ರಭೆಯನ್ನು ದಾಟಿದರಾಯಿತು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಈ ಊರು ನೂರು ವರ್ಷದ ಹಿಂದೆ ವಿಜಾಪುರ ಜಿಲ್ಲೆಯಲ್ಲಿತ್ತು. ಆ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ಪಕ್ಕದಲ್ಲಿ ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. ಕನ್ನಡಿಗರು ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ದಿನಗಳವು. ಕರ್ನಾಟಕವೆಂಬ ಹೆಸರು ಕವಿಗಳ ಬಾಯಲ್ಲಿತ್ತು, ಸಂಘಸಂಸ್ಥೆಗಳ ಫಲಕದಲ್ಲಿತ್ತು. ಆ ಹೆಸರಿನ ರಾಜ್ಯ ಮಾತ್ರ ಭೂಪಟದಲ್ಲಿ ಇರಲಿಲ್ಲ. ಅಂಥ ಕಾಲದಲ್ಲಿ ಬೀಳಗಿಯ ಒಬ್ಬ ಹೆಣ್ಣುಮಗಳು ಮುಂಬಯಿಗೆ ಹೋಗಿ ‘ಕರ್ನಾಟಕಿ’ ಎಂಬ ಅಡ್ಡಹೆಸರಿನಿಂದಲೇ ಭಾರತಕ್ಕೆಲ್ಲ ಪರಿಚಿತಳಾದಳು. ಆಕೆಯೇ ನಟಿ, ಗಾಯಕಿ ಅಮೀರಬಾಯಿ ಕರ್ನಾಟಕಿ.

ಅಮೀರಬಾಯಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಸಂಗೀತ ನಾಟಕಗಳ ನಂಟಿದ್ದ ಮುಸಲ್ಮಾನ ಮನೆತನದಲ್ಲಿ. ಆಗಿನ ಉತ್ತರ ಕರ್ನಾಟಕವೆಂದರೆ ನಾಟಕ ಕಂಪನಿಗಳ ಬೀಡು. ಕೊಣ್ಣೂರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಹೀಗೆ ಒಂದರ ಬೆನ್ನಿಗೊಂದು ಕಂಪನಿ ಊರೂರಿಗೆ ಬರುತ್ತಿತ್ತು. ಅತ್ತ ಮರಾಠಿ ಕಂಪನಿಗಳೂ ಬಂದು ಹೋಗುತ್ತಿದ್ದವು. ಹಾಡಲಾರದವನಿಗೆ ಆ ರಂಗಭೂಮಿಯಲ್ಲಿ ದೊಡ್ಡ ಪಾತ್ರವಿಲ್ಲ. ಧ್ವನಿವರ್ಧಕವಿಲ್ಲದ ಕಾಲ, ಥೇಟರಿನ ಕಟ್ಟಕಡೆಯ ಸಾಲಿಗೆ ಕುಳಿತವನಿಗೂ ಹಾಡು ಮುಟ್ಟಬೇಕು. ಎದೆ ತೆರೆದು ಹಾಡುವ ತುಂಬುಗಂಠ ನಮ್ಮ ಕಡೆಯ ಕಲಾವಿದರಿಗೆ ಬಂದದ್ದು ಹೀಗೆ.

ಆಕೆಯ ಅಕ್ಕ ಗೋಹರಬಾಯಿಯೂ ಇದೇ ಹಾದಿಯವರು. 1938ರಲ್ಲಿ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಕ್ಕೆಂದೇ ಮಹಾರಾಷ್ಟ್ರವೆಲ್ಲ ಕೊಂಡಾಡಿದ ನಟ ಬಾಲಗಂಧರ್ವರು. ಅವರ ರಂಗದಲ್ಲಿ ನಾಯಕಿಯಾಗಿ ನಿಲ್ಲುವುದೆಂದರೆ ಸಣ್ಣ ಮಾತೆ? ಅದೂ ಮರಾಠಿ ಮನೆಮಾತಲ್ಲದ, ಬೀಳಗಿಯ ಕಡೆಯ ಹೆಣ್ಣುಮಗಳು! ಟೀಕೆಗಳು ಬಂದವು. ಗೋಹರಬಾಯಿ ಹಿಂದೆ ಸರಿಯಲಿಲ್ಲ. 1951ರಲ್ಲಿ ಇಬ್ಬರೂ ಮದುವೆಯಾದರು.

ಅಕ್ಕ ರಂಗಭೂಮಿಯನ್ನು ಹಿಡಿದರೆ ತಂಗಿ ವಾಕ್ಚಿತ್ರವನ್ನು ಹಿಡಿದರು. ಇಲ್ಲಿ ಆ ಕಾಲದ ಚಿತ್ರಪ್ರಪಂಚದ ಕಡೆಗೆ ಒಮ್ಮೆ ನೋಡಬೇಕು. ಹಾಲಿವುಡ್ಡಿನಲ್ಲಿ 1927ರ ‘ಜಾಝ್ ಸಿಂಗರ್’ ಚಿತ್ರದೊಡನೆ ತೆರೆಗೆ ಮಾತು ಬಂತು. ನಮ್ಮಲ್ಲಿ 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ತೆರೆ ಕಂಡಿತು. ಕನ್ನಡದ ‘ಸತಿ ಸುಲೋಚನಾ’ ಬಂದದ್ದು 1934ರ ಮಾರ್ಚ್ 3ರಂದು. ಮೂಕಿಚಿತ್ರದ ಚೆಲುವೆಯರು ಎಷ್ಟೋ ಮಂದಿ ಅಲ್ಲಿಗೆ ನಿಂತರು. ಏಕೆಂದರೆ ಮೊದಲಿನ ವಾಕ್ಚಿತ್ರಗಳಲ್ಲಿ ನಟಿಸುವವರೇ ಹಾಡಬೇಕು. ಕ್ಯಾಮೆರಾದ ಎದುರಿಗೆ ನಿಂತು, ಮೈಕು ಕೇಳಿಸಿಕೊಳ್ಳುವಂತೆ, ಒಂದೇ ಉಸಿರಿಗೆ ಹಾಡಬೇಕು. ನಾಟಕ ಕಂಪನಿಗಳ ನೆಲದಿಂದ ಬಂದವರಿಗೆ ಇದು ನೀರು ಕುಡಿದಷ್ಟು ಸುಲಭ. ಅಮೀರಬಾಯಿಗೆ ಚಿತ್ರರಂಗದ ಬಾಗಿಲು ತೆರೆದದ್ದು ಇದೇ ಕಾರಣದಿಂದ. 1934ರ ‘ವಿಷ್ಣುಭಕ್ತಿ’ ಆಕೆಯ ಮೊದಲ ಚಿತ್ರಗಳಲ್ಲೊಂದು.

ಮೊದಲ ಕೆಲವು ವರ್ಷ ದೊಡ್ಡ ಹೆಸರೇನೂ ಬರಲಿಲ್ಲ. ಸಣ್ಣ ಪುಟ್ಟ ಪಾತ್ರ, ನಡುವೆ ಒಂದೆರಡು ಹಾಡು. 1940ರಲ್ಲಿ ಪ್ರಕಾಶ್ ಪಿಕ್ಚರ್ಸ್‌ನ ‘ನರಸಿ ಭಗತ್’ ಬಂತು. ವಿಷ್ಣುಪಂತ ಪಾಗನೀಸ್, ದುರ್ಗಾ ಖೋಟೆ ಇದ್ದ ಆ ಚಿತ್ರದಲ್ಲಿ ಅಮೀರಬಾಯಿಗೂ ಪಾತ್ರವಿತ್ತು. ಸಂಗೀತ ಶಂಕರರಾವ್ ವ್ಯಾಸರದು. ಗಾಂಧೀಜಿಗೆ ಪ್ರಿಯವಾದ ನರಸಿ ಮೆಹತಾನ ಭಜನೆಯನ್ನು ಆಕೆ ಅದರಲ್ಲಿ ಹಾಡಿದರು. ಗುಜರಾತದ ವೈಷ್ಣವ ಸಂತನ ಪದ, ಮಹಾರಾಷ್ಟ್ರದವರ ಸಂಗೀತ, ಬೀಳಗಿಯ ಮುಸಲ್ಮಾನ ಹೆಣ್ಣುಮಗಳ ಕಂಠ! ಇದನ್ನು ಯಾರೂ ಹೊಂದಿಸಿ ಇಟ್ಟದ್ದಲ್ಲ. ಆ ಕಾಲದ ಕಲಾಲೋಕದಲ್ಲಿ ಅದು ತಾನಾಗಿ ನಡೆಯುತ್ತಿದ್ದ ವ್ಯವಹಾರ.

ಮೂರು ವರ್ಷಕ್ಕೆ ಬಾಂಬೆ ಟಾಕೀಜಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸರ ಸಂಗೀತ, ಅಶೋಕ್ ಕುಮಾರರ ನಾಯಕತ್ವ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದರ ನಾಯಕಿ ಮುಮ್ತಾಜ್ ಶಾಂತಿ. ಹಾಡಿನ ದನಿ ಅಮೀರಬಾಯಿಯದು. ಪರಕೀಯರನ್ನು ದೇಶದಿಂದಾಚೆಗೆ ಹೋಗಿರೆಂದು ಕೂಗಿ ಹೇಳುವ ಪ್ರಸಿದ್ಧ ಗೀತೆಯಲ್ಲಿಯೂ ಆಕೆಯ ದನಿಯುಂಟು. 1942ರ ಚಳವಳಿಯ ಮರುವರ್ಷ ಜನ ಆ ಹಾಡನ್ನು ಹೇಗೆ ಕೇಳಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. 1944ರಲ್ಲಿ ನೌಷಾದರ ‘ರತನ್’ ಬಂತು. ಜೋಹರಾಬಾಯಿ ಅಂಬಾಲೆವಾಲಿಯವರ ಹಾಡುಗಳ ಜೊತೆಗೆ ಅಮೀರಬಾಯಿಯವರ ಹಾಡುಗಳೂ ಓಣಿಓಣಿಯಲ್ಲಿ ಮೊಳಗಿದವು. ಒಬ್ಬರು ಅಂಬಾಲೆಯವರು, ಒಬ್ಬರು ಕರ್ನಾಟಕದವರು! ಗಾಯಕಿಯ ಹೆಸರಿನಲ್ಲಿಯೇ ಆಕೆಯ ನೆಲವೂ ಸೇರಿರುತ್ತಿದ್ದ ಕಾಲವದು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅಮೀರಬಾಯಿಯೇ ಸಂಗೀತ ನೀಡಿದರು. ಹೆಂಗಸು ಸಂಗೀತ ನಿರ್ದೇಶಕಿಯಾಗುವುದು ಬಾಂಬೆ ಟಾಕೀಜಿನ ಸರಸ್ವತೀದೇವಿಯಂಥ ಒಬ್ಬಿಬ್ಬರಿಗೆ ಮಾತ್ರ ಸಾಧ್ಯವಾಗಿದ್ದ ದಿನಗಳಲ್ಲಿ ಇದು ಸಣ್ಣ ಸಾಹಸವಲ್ಲ.

ಆದರೆ ಹಿನ್ನೆಲೆ ಗಾಯನವೆಂಬ ಈ ಹೊಸ ಪದ್ಧತಿ ಎರಡಲಗಿನ ಕತ್ತಿ. ಅದು ಅಮೀರಬಾಯಿಯನ್ನು ಮೇಲೆತ್ತಿತು; ಅದೇ ಆಕೆಯ ಮುಖವನ್ನು ಮರೆಮಾಡಿತು. ಹಾಲಿವುಡ್ಡಿನಲ್ಲೂ ಹೀಗೆಯೇ. ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್‌ಳ ಬಹುಪಾಲು ಹಾಡುಗಳನ್ನು ಹಾಡಿದ ಮಾರ್ನಿ ನಿಕ್ಸನ್‌ಳ ಹೆಸರು ಪ್ರೇಕ್ಷಕರಿಗೆ ಎಲ್ಲಿ ಗೊತ್ತಿತ್ತು? ನಮ್ಮಲ್ಲಿ 1949ರ ‘ಮಹಲ್’ ಚಿತ್ರದ ಪ್ಲೇಟಿನ ಮೇಲೆ ಗಾಯಕಿ ಲತಾ ಮಂಗೇಶಕರರ ಹೆಸರಿಗೆ ಬದಲು ಪಾತ್ರದ ಹೆಸರು ‘ಕಾಮಿನಿ’ ಎಂದೇ ಅಚ್ಚಾಯಿತು. ಈ ಹಾಡು ಯಾರದೆಂದು ಕೇಳುಗರು ರೇಡಿಯೋಕ್ಕೆ ಬರೆದು ಕೇಳಿದ ಮೇಲೆ ಹೆಸರು ಹೊರಬಿತ್ತು.

ಆ ಹೆಸರು ಹೊರಬಿದ್ದದ್ದೇ ಅಮೀರಬಾಯಿಯವರ ತಲೆಮಾರಿಗೆ ಸಂಜೆಯ ಗಂಟೆ. ಲತಾ ಅವರ ತೆಳುವಾದ, ಎತ್ತರದ ದನಿ ಮೈಕಿಗೆ ಒಗ್ಗಿತು. ರಂಗಭೂಮಿಯ ತುಂಬುಗಂಠಕ್ಕೆ ಬೇಡಿಕೆ ಇಳಿಯಿತು. ದೇಶ ಒಡೆದಾಗ ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿ ಇಲ್ಲಿಯೇ ಉಳಿದರು. ಖಳನಟ ಹಿಮಾಲಯವಾಲಾ ಅವರೊಡನೆ ಆಗಿದ್ದ ಮೊದಲ ಮದುವೆ ಸುಖ ಕೊಡಲಿಲ್ಲ. ಆ ನಂಟು ಕಡಿಯಿತು, ಆತ ಪಾಕಿಸ್ತಾನಕ್ಕೆ ಹೋದ. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. 1952ರಲ್ಲಿ ಕೇಸ್ಕರರು ವಾರ್ತಾ ಮಂತ್ರಿಗಳಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿತ್ತು; ಕೇಳುಗರು ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಆರಂಭವಾಗುವ ಹೊತ್ತಿಗೆ ‘ಕಿಸ್ಮತ್’, ‘ರತನ್’ ಚಿತ್ರಗಳ ಹಾಡುಗಳು ‘ಹಳೆಯ ಹಾಡು’ಗಳ ಪಂಕ್ತಿಗೆ ಸೇರಿದ್ದವು.

ಹಾಡು ಕಡಿಮೆಯಾದಾಗ ಆಕೆ ಮೊದಲಿನ ಕಸುಬಿಗೆ ಮರಳಿದರು. ನಟನೆಯ ಬಲದಿಂದ ಬಂದವರು ಪೋಷಕ ಪಾತ್ರಗಳಲ್ಲಿ ನಟಿಸುತ್ತ ಉಳಿದರು. ಕೆಲಸ ಸಣ್ಣದೆಂದು ಬಿಟ್ಟು ಕೂಡಲಿಲ್ಲ. 1965ರ ಮಾರ್ಚ್ 3ರಂದು ತೀರಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ ತೆರೆ ಕಂಡು ಅಂದಿಗೆ ಸರಿಯಾಗಿ 31 ವರ್ಷ. ವಿಜಾಪುರದಲ್ಲಿ ಅಮೀರ್ ಟಾಕೀಜು ಆಕೆಯ ಹೆಸರನ್ನು ಉಳಿಸಿಕೊಂಡಿತು. ನಮ್ಮ ಕಾಲದಲ್ಲಿ ರಹಮತ್ ತರೀಕೆರೆಯವರು ಆಕೆಯ ಜೀವನವನ್ನು ಅರಸಿ ಕನ್ನಡದಲ್ಲಿ ಪುಸ್ತಕ ಬರೆದು ದೊಡ್ಡ ಋಣವೊಂದನ್ನು ತೀರಿಸಿದ್ದಾರೆ.

ಅಮೀರಬಾಯಿಯನ್ನು ‘ಕನ್ನಡ ಕೋಕಿಲ’ ಎಂದು ಕರೆದದ್ದುಂಟು. ಬಿರುದಿಗಿಂತ ಆಕೆ ಇಟ್ಟುಕೊಂಡ ಅಡ್ಡಹೆಸರೇ ದೊಡ್ಡದೆಂದು ತೋರುತ್ತದೆ. ರಾಜ್ಯಗಳು ಒಂದುಗೂಡಿದ್ದು 1956ರ ನವೆಂಬರ್ 1ರಂದು, ಅದೂ ಮೈಸೂರು ಎಂಬ ಹೆಸರಿನಲ್ಲಿ. ಕರ್ನಾಟಕವೆಂದು ನಾಮಕರಣವಾದದ್ದು 1973ರಲ್ಲಿ. ಆಗ ಆಕೆ ಮಣ್ಣಾಗಿ ಎಂಟು ವರ್ಷ ಕಳೆದಿತ್ತು. ತಾನು ಬದುಕಿರುವಾಗ ಯಾವ ಸರಕಾರದ ಕಾಗದದಲ್ಲೂ ರಾಜ್ಯವೆಂದು ಕಾಣದ ಹೆಸರನ್ನು ಲಾಹೋರಿನಿಂದ ಕಲಕತ್ತೆಯವರೆಗೆ ಕನ್ನಡದ ಒಂದು ಅಕ್ಷರ ಅರಿಯದವರ ಬಾಯಲ್ಲಿಯೂ ಆಡಿಸಿದ ಕೀರ್ತಿ ಬೀಳಗಿಯ ಈ ಮಗಳದು. ಮುಂದೆ ಎಂದಾದರೂ ರೇಡಿಯೋದಲ್ಲಿ ಹಳೆಯ ಹಾಡೊಂದರ ಕೊನೆಗೆ ಆ ಹೆಸರು ಕೇಳಿಬಂದರೆ, ಅದು ನಮ್ಮ ನೆರೆಯೂರಿನ ದನಿಯೆಂದು ಮನೆಯ ಮಕ್ಕಳಿಗೆ ಹೇಳಬೇಕು.