ಕೆಂಡದ ನಡುವೆ ಬೆಂದ ತವಸಳಿ

ಕೇಕ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮನಸ್ಸಿಗೆ ಬರುವುದು ಮೈದಾ, ಮೊಟ್ಟೆ, ಬೆಣ್ಣೆ ಮತ್ತು ಹಾಲು. ಈ ನಾಲ್ಕೂ ಇಲ್ಲದೆ, ಓವನ್ನಿನ ಹೆಸರನ್ನೂ ಕೇಳದೆ, ನಮ್ಮ ಕರಾವಳಿಯ ಗೃಹಿಣಿಯರು ಹಣ್ಣಿನ ಕೇಕನ್ನು ಬೇಯಿಸುತ್ತಿದ್ದರು ಎಂದರೆ ದೂರದ ಊರುಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಕರಾವಳಿಯಲ್ಲೇ ಹುಟ್ಟಿ ಬೆಳೆದವರು ಮಾತ್ರ "ಮಾಸ್ತರು ತವಸಳಿಯ ಸುದ್ದಿ ತೆಗೆದರು" ಎಂದು ನಗುತ್ತಾರೆ. ಹೌದು, ಇಂದಿನ ಬರಹ ತವಸಳಿಯ ಕುರಿತಾದದ್ದೇ.

ಕೊಂಕಣಿಯಲ್ಲಿ ತವಸೆ ಎಂದರೆ ಸೌತೆ. ಬಲಿತು ಹಣ್ಣಾದ ಸೌತೆಯ ತುರಿ, ಹುರಿದ ಅಕ್ಕಿತರಿ, ಬೆಲ್ಲ, ತೆಂಗಿನ ತುರಿ, ಏಲಕ್ಕಿ, ಇಷ್ಟು ಸೇರಿದರೆ ತವಸಳಿ. ಗೋವೆ ಮತ್ತು ಕೊಂಕಣದ ಕಡೆ ಇದಕ್ಕೆ ಧೋಂಡಸ್ ಎನ್ನುತ್ತಾರೆ. ಹಲಸು ಹಣ್ಣಾಗುವ ಕಾಲದಲ್ಲಿ ಸೌತೆಯ ಬದಲು ಹಲಸಿನ ತೊಳೆ ಹಾಕುವುದೂ ಉಂಟು. ಸೌತೆ ತರಕಾರಿಯಲ್ಲವೇ ಎಂದು ಕೇಳುವವರಿಗೆ ಸಸ್ಯಶಾಸ್ತ್ರದ ಉತ್ತರ ಇದು: ಹೂವಿನ ಅಂಡಾಶಯ ಬೆಳೆದು ಬೀಜವನ್ನು ಒಳಗೊಂಡ ಕಾರಣ ಅದೂ ಹಣ್ಣೇ. ಕರಾವಳಿಯವರು ಬಲಿತ ಸೌತೆಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮನೆಯ ಜಂತಿಗೆ ನೇತುಹಾಕುತ್ತಿದ್ದರು. ಮಳೆಗಾಲದಲ್ಲಿ ಬೇರೆ ಕಾಯಿಪಲ್ಲೆ ಸಿಗದಿದ್ದಾಗ ತಿಂಗಳುಗಟ್ಟಲೆ ಅದೇ ಆಧಾರವಾಗಿತ್ತು.

ಓವನ್ ಇಲ್ಲದೆ ಇದನ್ನು ಬೇಯಿಸುತ್ತಿದ್ದ ಬಗೆಯಲ್ಲಿಯೇ ಇತಿಹಾಸದ ಸ್ವಾರಸ್ಯವಿದೆ. ದಪ್ಪ ತಳದ ಪಾತ್ರೆಯಲ್ಲಿ ಬಾಳೆಲೆ ಹಾಸಿ, ಹಿಟ್ಟು ಸುರಿದು, ಅಡುಗೆ ಮುಗಿದ ಒಲೆಯ ಕೆಂಡದ ಮೇಲೆ ಇಡುವುದು. ಮೇಲೊಂದು ತಟ್ಟೆ ಮುಚ್ಚಿ, ಅದರ ಮೇಲೂ ಕರಟದ ಕೆಂಡ ಹರಡುವುದು. ಶಾಖ ಮೇಲಿನಿಂದಲೂ ಕೆಳಗಿನಿಂದಲೂ ಬರುವುದರಿಂದ ಪಾತ್ರೆಯೇ ಒಂದು ಪುಟ್ಟ ಓವನ್ ಆಗುತ್ತದೆ. ಈ ವಿದ್ಯೆ ನಾಡಿಗೆ ಹಳೆಯದು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ 'ಸೂಪಶಾಸ್ತ್ರ'ದಲ್ಲಿ ಮುಚ್ಚಳ ರೊಟ್ಟಿಯ ಪ್ರಸ್ತಾಪವಿದೆ. ಅದು ಮುಚ್ಚಿದ ಪಾತ್ರೆಯ ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಗೋದಿಯ ರೊಟ್ಟಿ. ಮಂಗರಸನದು ರೊಟ್ಟಿ, ಕರಾವಳಿಯವರದು ಸಿಹಿ. ಪದಾರ್ಥ ಬೇರೆಯಾದರೂ ಬೇಯಿಸುವ ತತ್ತ್ವ ಒಂದೇ.

ಇನ್ನು ಹಾಲಿನ ವಿಚಾರ. ಕರಾವಳಿಯಲ್ಲಿ ಹಾಲು ತುಪ್ಪಗಳೇ ಇರಲಿಲ್ಲವೆಂದು ತಿಳಿಯಬಾರದು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಅಲ್ಲಿನ ಸುಲ್ತಾನನ ಮನೆಯ ಊಟವನ್ನು ವರ್ಣಿಸಿದ್ದಾನೆ. ಅನ್ನ, ಅದರ ಮೇಲೆ ತುಪ್ಪ, ಮೆಣಸು, ಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ, ಕಡೆಯಲ್ಲಿ ಮೊಸರು. (ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ ಆತ ಬರೆದಿದ್ದಾನೆ. ಶಾಲಾ ಮಾಸ್ತರನಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ!) ಆದರೆ ಅದು ಅರಸನ ಮನೆಯ ಪಂಕ್ತಿ. ಸಾಮಾನ್ಯರ ಕೊಟ್ಟಿಗೆಯಲ್ಲಿದ್ದುದು ಎಡೆಬಿಡದ ಮಳೆಯನ್ನು ತಾಳಿಕೊಳ್ಳಬಲ್ಲ ಮಲೆನಾಡು ಗಿಡ್ಡ ತಳಿಯ ಪುಟ್ಟ ಹಸು. ಅದು ಕೊಡುವುದು ದಿನಕ್ಕೆ ಒಂದೆರಡು ಲೀಟರಿನಷ್ಟು ಹಾಲು. ಅದೇ ಅಂಗಳದಲ್ಲಿ ತೆಂಗಿನ ಮರ ವರ್ಷವಿಡೀ ಕಾಯಿ ಬಿಡುತ್ತಿತ್ತು. ಹಾಗಾಗಿ ಬಯಲುಸೀಮೆಯಲ್ಲಿ ಹಾಲು, ತುಪ್ಪ ಮಾಡುವ ಕೆಲಸವನ್ನು ಇಲ್ಲಿ ಕಾಯಿಹಾಲು ಮತ್ತು ಕೊಬ್ಬರಿ ಎಣ್ಣೆ ಮಾಡಿದವು. ಹಾಲಿಲ್ಲವೆಂಬ ಕೊರಗಿನಿಂದ ಹುಟ್ಟಿದ ತಿಂಡಿ ಇದಲ್ಲ. ಕೈಗೆ ಸಿಕ್ಕಿದ್ದನ್ನು ಬಲ್ಲವರು ಮಾಡಿದ ತಿಂಡಿ.

ಪದಾರ್ಥಗಳ ಹುಟ್ಟನ್ನು ಹುಡುಕಿದರೂ ಒಂದು ಪಾಠ ಸಿಗುತ್ತದೆ. ಸೌತೆ ಭಾರತದ್ದೇ ಬೆಳೆ. ಹಲಸು ಮತ್ತು ಏಲಕ್ಕಿಗೆ ಪಶ್ಚಿಮ ಘಟ್ಟವೇ ತವರು. ಆದರೆ ಇಂದು ತವಸಳಿಯ ಮೇಲೆ ನಾವು ಉದುರಿಸುವ ಗೋಡಂಬಿ ಹೊರಗಿನಿಂದ ಬಂದದ್ದು; 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗಿಡ ಅದು. ಸಂಪ್ರದಾಯವೆಂದು ನಾವು ಕರೆಯುವ ಅಡುಗೆಯೂ ಬಂದವರನ್ನು ಸೇರಿಸಿಕೊಳ್ಳುತ್ತಲೇ ಬೆಳೆದಿದೆ.

ಬೆಣ್ಣೆ, ಮೊಟ್ಟೆ ಇಲ್ಲದೆ ಇದು ಮೃದುವಾಗುವುದು ಹೇಗೆ? ಬಲಿತ ಸೌತೆಯಲ್ಲಿ ಬಹುಪಾಲು ನೀರೇ ಇದೆ. ಆ ನೀರನ್ನು ಹೀರಿ ಅಕ್ಕಿತರಿ ಉಬ್ಬುತ್ತದೆ. ಶಾಖ ತಗುಲಿದಾಗ ಅದರ ಪಿಷ್ಟ ಅಂಟಾಗಿ, ಮೊಟ್ಟೆ ಮಾಡಬೇಕಾಗಿದ್ದ ಹಿಡಿದಿಡುವ ಕೆಲಸವನ್ನು ಮಾಡುತ್ತದೆ. ತೆಂಗಿನ ಕೊಬ್ಬು ಬೆಣ್ಣೆಯ ಸ್ಥಾನವನ್ನು ತುಂಬುತ್ತದೆ. ಬೆಲ್ಲ ಸಿಹಿಯ ಜೊತೆಗೆ ತೇವವನ್ನೂ ಕಾಪಾಡುತ್ತದೆ. ಮೇಲಿನ ಕೆಂಡದಿಂದ ಬರುವ ಕಂದುಬಣ್ಣವೂ ಸುಟ್ಟ ಬೆಲ್ಲದ ಘಮವೂ ಇದರ ಜೀವಾಳ.

ಆ ಜೀವಾಳವೇ ಈಗ ಕಾಣೆಯಾಗುತ್ತಿದೆ. ಮನೆಗೆ ಅಡುಗೆ ಅನಿಲ ಬಂತು. ಹೊಗೆಯಿಂದ ಹೆಂಗಸರ ಕಣ್ಣೂ ಎದೆಯೂ ಉಳಿದವು. ಅದು ಬಹು ದೊಡ್ಡ ಲಾಭ, ಅದಕ್ಕಾಗಿ ಯಾರೂ ವಿಷಾದಿಸಬೇಕಿಲ್ಲ. ಆದರೆ ಒಲೆಯೊಡನೆ ಕೆಂಡವೂ ಹೋಯಿತು. ಅನೇಕ ಮನೆಗಳಲ್ಲಿ ತವಸಳಿ ಇಡ್ಲಿಯ ಪಾತ್ರೆ ಸೇರಿ ಹಬೆಯಲ್ಲಿ ಬೇಯತೊಡಗಿತು. ರುಚಿ ಉಳಿಯಿತು, ಕಂದುಬಣ್ಣ ಹೋಯಿತು. ಇನ್ನೊಂದು ಪೀಳಿಗೆ ಕಳೆದರೆ ಇದು ಮೊದಲಿನಿಂದಲೂ ಹಬೆಯ ತಿಂಡಿಯೆಂದೇ ಜನ ನಂಬಿಯಾರು. ಅರಮನೆಯ ಅಡುಗೆಗೆ ಕವಿಗಳು ದೊರೆತರು. ಇದನ್ನು ಮಾಡಿದವರ ಅಳತೆ ಅವರ ಕೈಯಲ್ಲೇ ಇತ್ತು, ಅವರೊಡನೆಯೇ ಹೋಯಿತು.

ಸಂತೋಷದ ಸಂಗತಿಯೆಂದರೆ, ಪರದೇಶಗಳಲ್ಲಿರುವ ನಮ್ಮ ಮಕ್ಕಳ ಮನೆಯಲ್ಲಿ ಓವನ್ ಇದೆ. ಹಾಲು ಒಗ್ಗದ ಮಕ್ಕಳೂ ಇದ್ದಾರೆ. ಬೆಳೆದ ಮೇಲೂ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯನ್ನು ಕೊಡುವ ವಂಶವಾಹಿಯ ಮಾರ್ಪಾಡು ಭಾರತದ ವಾಯವ್ಯದಲ್ಲಿ ಹೆಚ್ಚಾಗಿದ್ದು ಆಗ್ನೇಯಕ್ಕೆ ಬರುತ್ತ ಕಡಿಮೆಯಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹಾಲಿನ ಸಕ್ಕರೆ ಜೀರ್ಣವಾಗದಿರುವುದು ನಮ್ಮ ಕಡೆಯವರಲ್ಲಿ ವಿಚಿತ್ರವೇನೂ ಅಲ್ಲ.

ಅಂಥವರಿಗಾಗಿ ಕ್ರಮವನ್ನು ಹೇಳಿಬಿಡುತ್ತೇನೆ. ಬಲಿತ ಸೌತೆಯ ಒಂದು ಚೂರನ್ನು ಮೊದಲು ತಿಂದು ಕಹಿಯಿಲ್ಲವೆಂದು ಖಚಿತ ಮಾಡಿಕೊಳ್ಳಿ. ಬೀಜ ತೆಗೆದು ತುರಿದ 2 ಲೋಟ ಸೌತೆಗೆ ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ತೆಂಗಿನ ತುರಿ, ಚಿಟಿಕೆ ಉಪ್ಪು ಸೇರಿಸಿ ಕುದಿಸಿ; ತುರಿಯ ನೀರನ್ನು ಹಿಂಡಿ ಚೆಲ್ಲಬಾರದು. ಹುರಿದ 1 ಲೋಟ ಅಕ್ಕಿತರಿಯನ್ನು ಹಾಕಿ, ಗಟ್ಟಿಯಾಗುವವರೆಗೆ ಕೈಯಾಡಿಸಿ, ಏಲಕ್ಕಿ ಪುಡಿ ಬೆರೆಸಿ. ಕೊಬ್ಬರಿ ಎಣ್ಣೆ ಸವರಿದ ಪಾತ್ರೆಗೆ ತುಂಬಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 40–45 ನಿಮಿಷ ಇಡಿ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ; ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ.

ನಿಮ್ಮ ಮನೆಗಳಲ್ಲಿ ಕೆಂಡದ ತವಸಳಿಯನ್ನು ಮಾಡಿದ ಅಜ್ಜಿಯರು, ದೊಡ್ಡಮ್ಮಂದಿರು ಇನ್ನೂ ಇದ್ದರೆ, ಮುಂದಿನ ರಜೆಯಲ್ಲಿ ಅವರ ಪಕ್ಕ ಕುಳಿತು ಅಳತೆಯನ್ನೂ ಕ್ರಮವನ್ನೂ ಬರೆದಿಟ್ಟುಕೊಳ್ಳಿ. ಯಾವ ಊರು, ಯಾವ ಪಾತ್ರೆ, ಯಾವ ಕಾಲದಲ್ಲಿ ಮಾಡುತ್ತಿದ್ದರು ಎಂಬುದನ್ನೂ ಕೇಳಿ. ತರಗತಿಯಲ್ಲಿ ನಾನು ರಾಜರ ಇಸವಿಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ಇದೂ ಇತಿಹಾಸವೇ, ಇದನ್ನು ಬರೆಯಬೇಕಾದವರು ನೀವು.